ಪೊಡಿಯಾಟ್ರಿ ಕಾಲೇಜಿನ ಸಂದರ್ಶನಕ್ಕೆ ಸಿದ್ಧತೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪಾದ ಮತ್ತು ಕಣಕಾಲಿನ ಚಿಕಿತ್ಸೆಗೆ ಮೀಸಲಾದ ಪೊಡಿಯಾಟ್ರಿ ವ್ಯಾಸಂಗದ ಬಗ್ಗೆ, ಅದರಲ್ಲೂ ಅಮೆರಿಕದ ಕಾಲೇಜುಗಳ ಪ್ರವೇಶ ಸಂದರ್ಶನದ ಬಗ್ಗೆ, ಅಲ್ಲಿನ ಮತ್ತು ಇಲ್ಲಿನ ಓದುಗರಿಂದ ಪತ್ರಗಳು ಬಂದಿವೆ. ಅವುಗಳಲ್ಲಿ ಆಯ್ದ ಕೆಲವಕ್ಕೆ, ಅಮೆರಿಕದಲ್ಲಿ ಪೊಡಿಯಾಟ್ರಿಸ್ಟ್ ಆಗಿದ್ದು ಪ್ರವೇಶ ಸಂದರ್ಶನಗಳನ್ನೂ ನಡೆಸಿರುವ ಕನ್ನಡಿಗರೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಜೀವಶಾಸ್ತ್ರ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಎರಡು ಪೊಡಿಯಾಟ್ರಿ ಕಾಲೇಜುಗಳಿಂದ ಸಂದರ್ಶನಕ್ಕೆ ಕರೆ ಬಂದಿದೆ. ‘ಪೊಡಿಯಾಟ್ರಿಯನ್ನೇ ಏಕೆ ಆರಿಸಿಕೊಂಡಿರಿ’ ಎಂದು ಖಂಡಿತ ಕೇಳುತ್ತಾರಂತೆ. ಹಾಸನದಲ್ಲಿದ್ದ ನನ್ನ ಅಜ್ಜಿ ಸಕ್ಕರೆ ಕಾಯಿಲೆಯಿಂದಾಗಿ ಕಾಲಿನ ಎರಡು ಬೆರಳುಗಳನ್ನು ಕಳೆದುಕೊಂಡರು. ಆ ಸಂಗತಿಯನ್ನು ಹೇಳಿದರೆ ಉತ್ತರ ಗಟ್ಟಿಯಾಗುತ್ತದೆಯೇ?
– ಓದುಗರೊಬ್ಬರು, ಎಡಿಸನ್, ನ್ಯೂಜೆರ್ಸಿ

ಉತ್ತರ: ಹೇಳಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಅಮೆರಿಕದಲ್ಲಿ ಮಧುಮೇಹ ಇರುವವರ ಸಂಖ್ಯೆ 3.8 ಕೋಟಿಯಷ್ಟಿದೆ, ಭಾರತದಲ್ಲಿ ಅದು 10 ಕೋಟಿಯನ್ನು ದಾಟಿದೆಯೆಂದು 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಅಧ್ಯಯನ ತಿಳಿಸಿದೆ. ಹಾಗಾಗಿ ಅಜ್ಜಿಯ, ತಾತನ, ಸೋದರಮಾವನ ಕಾಲಿನ ಕಥೆಯನ್ನು ಸಂದರ್ಶಕರು ಮೇಲಿಂದ ಮೇಲೆ ಕೇಳಿರುತ್ತಾರೆ. ಕಥೆ ನಿಜವಾದದ್ದೇ, ನಿಮ್ಮ ನೋವೂ ನಿಜವಾದದ್ದೇ. ಆದರೆ ಅದು ನಿಮ್ಮ ಮನಸ್ಸು ಏಕೆ ಕರಗಿತು ಎಂಬುದನ್ನು ಹೇಳುತ್ತದೆಯೇ ಹೊರತು, ಈ ಕೆಲಸವನ್ನೇ ಜೀವಮಾನವಿಡೀ ಏಕೆ ಮಾಡಲು ಹೊರಟಿದ್ದೀರಿ ಎಂಬುದನ್ನು ಹೇಳುವುದಿಲ್ಲ. ಅದೇ ದುಃಖದಿಂದ ಒಬ್ಬರು ಮಧುಮೇಹ ತಜ್ಞರಾಗಬಹುದು, ಇನ್ನೊಬ್ಬರು ರಕ್ತನಾಳದ ಶಸ್ತ್ರಚಿಕಿತ್ಸಕರಾಗಬಹುದು, ಮತ್ತೊಬ್ಬರು ಪಥ್ಯಾಹಾರ ತಜ್ಞರಾಗಬಹುದು. ನೀವು ಪಾದದ ಬಳಿಯೇ ಏಕೆ ನಿಂತಿರಿ ಎಂಬುದು ಸಂದರ್ಶಕರ ಪ್ರಶ್ನೆ.

ಆದ್ದರಿಂದ ಅಜ್ಜಿಯ ಮಾತು ಎರಡು ವಾಕ್ಯಗಳಲ್ಲಿ ಮುಗಿಯಲಿ. ಮೂರನೆಯ ವಾಕ್ಯ, ಬೆರಳು ಕಪ್ಪಾಗುವುದಕ್ಕೆ ಮುಂಚಿನ ತಿಂಗಳುಗಳಲ್ಲಿ ಒಬ್ಬ ಪೊಡಿಯಾಟ್ರಿಸ್ಟ್ ಏನು ಮಾಡಬಹುದಿತ್ತು ಎಂಬುದರತ್ತ ಹೋಗಲಿ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು, ಅಂದರೆ ಮೊನೊಫಿಲಮೆಂಟನ್ನು, ಅಂಗಾಲಿನ ಮೇಲೆ ಊರಿ ಸ್ಪರ್ಶಜ್ಞಾನ ಉಳಿದಿದೆಯೇ ಎಂದು ನೋಡುವುದು, ಶ್ರುತಿಕವೆಯಿಂದ ಕಂಪನ ತಿಳಿಯುತ್ತದೆಯೇ ಎಂದು ಪರೀಕ್ಷಿಸುವುದು, ಕಣಕಾಲಿನ ಮತ್ತು ತೋಳಿನ ರಕ್ತದೊತ್ತಡಗಳನ್ನು ಹೋಲಿಸಿ ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ಅಂದಾಜು ಮಾಡುವುದು, ದಪ್ಪಗಟ್ಟಿದ ಚರ್ಮವನ್ನು ಹೆರೆದು ತೆಗೆಯುವುದು, ಒತ್ತಡ ಬೀಳುವ ಜಾಗಕ್ಕೆ ತಕ್ಕ ಪಾದರಕ್ಷೆ ಬರೆದುಕೊಡುವುದು – ಇವು ದಿನನಿತ್ಯದ ಕೆಲಸಗಳು. ಇವುಗಳನ್ನು ಓದಿ ತಿಳಿದವರ ಮಾತಿಗೂ ಪಕ್ಕದಲ್ಲಿ ನಿಂತು ನೋಡಿದವರ ಮಾತಿಗೂ ಇರುವ ವ್ಯತ್ಯಾಸ ಸಂದರ್ಶಕರಿಗೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಇಲ್ಲಿಂದಲೇ ನಿಮ್ಮ ನಿಜವಾದ ಸಿದ್ಧತೆ ಆರಂಭವಾಗುತ್ತದೆ. ಸಂಭವನೀಯ ಪ್ರಶ್ನೆಗಳ ಪಟ್ಟಿಯನ್ನು ಗಿಳಿಪಾಠ ಮಾಡುವ ಸಮಯದಲ್ಲಿ ಅರ್ಧದಷ್ಟನ್ನಾದರೂ ಕ್ಲಿನಿಕ್‌ನಲ್ಲಿ ಕಳೆಯಿರಿ. ಶ್ಯಾಡೋಯಿಂಗ್, ಅಂದರೆ ವೈದ್ಯರ ಜೊತೆಗಿದ್ದು ಅವರ ಕೆಲಸವನ್ನು ನೋಡಿ ಕಲಿಯುವುದು, ಎಂದರೆ ಗಂಟೆಗಳನ್ನು ಕೂಡಿಹಾಕಿ ಅರ್ಜಿಯಲ್ಲಿ ತುಂಬುವುದಲ್ಲ. ಒಂದೇ ಖಾಸಗಿ ಕ್ಲಿನಿಕ್‌ಗೆ ಹತ್ತು ಸಲ ಹೋಗುವುದಕ್ಕಿಂತ, ಒಂದು ಖಾಸಗಿ ಕ್ಲಿನಿಕ್, ಒಂದು ಆಸ್ಪತ್ರೆಯ ಗಾಯ ಚಿಕಿತ್ಸಾ ವಿಭಾಗ ಮತ್ತು ಸಾಧ್ಯವಾದರೆ ಒಂದು ಶಸ್ತ್ರಚಿಕಿತ್ಸೆಯ ದಿನ ಹೀಗೆ ಬೇರೆ ಬೇರೆ ಕಡೆ ನೋಡುವುದು ಹೆಚ್ಚು ಉಪಯುಕ್ತ. ಹಲವು ಕಾಲೇಜುಗಳು ಪೊಡಿಯಾಟ್ರಿಸ್ಟ್ ಒಬ್ಬರ ಶಿಫಾರಸು ಪತ್ರವನ್ನೂ ಕೇಳುವುದರಿಂದ ಈ ಪರಿಚಯ ಹೇಗೂ ಬೇಕಾಗುತ್ತದೆ. ನೋಡಿದ್ದನ್ನು ಅದೇ ಸಂಜೆ ಬರೆದಿಡಿ. ರೋಗಿಯ ಹೆಸರನ್ನಾಗಲಿ ಗುರುತು ಸಿಗುವ ವಿವರವನ್ನಾಗಲಿ ಬರೆಯಬೇಡಿ, ಸಂದರ್ಶನದಲ್ಲಿಯೂ ಹೇಳಬೇಡಿ. ರೋಗಿಯ ಖಾಸಗಿತನವನ್ನು ಕಾಯುವ ಹಿಪಾ ಕಾನೂನಿನ ಅರಿವು ನಿಮಗಿದೆಯೇ ಎಂಬುದು ನೀವು ಅನುಭವವನ್ನು ಹೇಳುವ ರೀತಿಯಿಂದಲೇ ಅವರಿಗೆ ತಿಳಿಯುತ್ತದೆ.

ಬೇಸರ ತರಿಸುವ ಕೆಲಸಗಳನ್ನೂ ಗಮನಿಸಿರಿ. ಬೆಳಗ್ಗಿನಿಂದ ಸಂಜೆಯವರೆಗೆ ಶಿಲೀಂಧ್ರ ಹಿಡಿದು ದಪ್ಪಗಾದ ಉಗುರು, ಆಣಿ, ಹಿಮ್ಮಡಿ ನೋವು, ಮಾಂಸದೊಳಕ್ಕೆ ಬೆಳೆದ ಹೆಬ್ಬೆರಳಿನ ಉಗುರು, ವಾರ ವಾರವೂ ಬ್ಯಾಂಡೇಜ್ ಬಿಚ್ಚಿ ಕಟ್ಟಬೇಕಾದ ಹುಣ್ಣು – ದಿನದ ಬಹುಭಾಗ ಇದೇ ಆಗಿರುತ್ತದೆ. ‘ಈ ವೃತ್ತಿಯಲ್ಲಿ ನಿಮಗೆ ಇಷ್ಟವಾಗದ್ದು ಯಾವುದು’ ಎಂದು ಕೇಳಿದಾಗ ‘ಏನೂ ಇಲ್ಲ’ ಎಂದವರನ್ನು ನಾನು ನಂಬಿದ್ದು ಕಡಿಮೆ. ಗಾಯದ ದುರ್ವಾಸನೆ ಮೊದಲ ದಿನ ತಡೆಯಲಾಗಲಿಲ್ಲ, ಆದರೂ ಮರುವಾರ ಅದೇ ಗಾಯ ಎಷ್ಟು ಕಿರಿದಾಗಿದೆ ಎಂದು ನೋಡುವ ಕುತೂಹಲಕ್ಕೆ ಮತ್ತೆ ಹೋದೆ ಎಂದು ಒಬ್ಬ ಅಭ್ಯರ್ಥಿ ಹೇಳಿದರೆ, ಆ ಒಂದು ಮಾತಿಗೆ ಇಡೀ ಪ್ರಬಂಧಕ್ಕಿಂತ ಹೆಚ್ಚು ತೂಕವಿರುತ್ತದೆ.

ನಮ್ಮ ಕಡೆಯಿಂದ ಹೋದವರ ಕಣ್ಣಿಗೆ ಬೇಗ ಬೀಳುವ ಒಂದು ಸಂಗತಿಯೂ ಇದೆ. ಭಾರತೀಯ ಹಿರಿಯರಲ್ಲಿ ಹಲವರು ವೈದ್ಯರ ಮುಂದೆ ಕಾಲು ಚಾಚಲು ಸಂಕೋಚಪಡುತ್ತಾರೆ; ವೈದ್ಯರಿಂದ ತಮ್ಮ ಪಾದ ಮುಟ್ಟಿಸಿಕೊಳ್ಳುವುದು ತಪ್ಪೆಂದು ಭಾವಿಸಿ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಈ ಸಂಕೋಚದಿಂದಲೇ ಹುಣ್ಣು ತಡವಾಗಿ ಕಣ್ಣಿಗೆ ಬೀಳುವುದುಂಟು. ನಿಮ್ಮ ಅಜ್ಜಿಯ ವಿಷಯದಲ್ಲಿ ಹೀಗೇನಾದರೂ ಆಗಿದ್ದರೆ ಅದನ್ನು ಹೇಳಿ. ಬೇರೆ ಅಭ್ಯರ್ಥಿಗಳು ಹೇಳಲಾಗದ, ನೀವೇ ಹೇಳಬಲ್ಲ ಮಾತು ಅದು.

ಪ್ರಸಂಗವಶಾತ್ ಇನ್ನೊಂದು ಮಾತು. ಸ್ಪರ್ಶಜ್ಞಾನವಿಲ್ಲದ ಪಾದವನ್ನು ಹೇಗೆ ಕಾಪಾಡಬೇಕು ಎಂಬ ಇಂದಿನ ತಿಳಿವಳಿಕೆಯ ಒಂದು ಬೇರು ದಕ್ಷಿಣ ಭಾರತದಲ್ಲಿದೆ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರಚಿಕಿತ್ಸಕ ಪಾಲ್ ಬ್ರ್ಯಾಂಡ್ ಅವರು, ಕುಷ್ಠ ರೋಗಿಗಳ ಕೈಕಾಲುಗಳ ಹುಣ್ಣಿಗೆ ಮುಖ್ಯ ಕಾರಣ ನೋವಿನ ಅರಿವು ಇಲ್ಲದಿರುವುದು ಮತ್ತು ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡ ಎಂಬುದನ್ನು ತೋರಿಸಿದರು. ಮುಂದೆ ಅಮೆರಿಕದ ಲೂಸಿಯಾನಾ ರಾಜ್ಯದ ಕಾರ್ವಿಲ್‌ನಲ್ಲಿ ಕೆಲಸ ಮಾಡುವಾಗ ಅದೇ ಪಾಠವನ್ನು ಮಧುಮೇಹಿಗಳ ಪಾದಕ್ಕೂ ಅನ್ವಯಿಸಿದರು. ಇದನ್ನು ಸಂದರ್ಶನದಲ್ಲಿ ಪ್ರದರ್ಶಿಸಬೇಕೆಂದು ಹೇಳುತ್ತಿಲ್ಲ. ನೀವು ಸೇರಲಿರುವ ವಿದ್ಯೆಯ ಇತಿಹಾಸದಲ್ಲಿ ನಮ್ಮ ನೆರೆಯ ಊರೊಂದಿದೆ ಎಂಬುದು ನಿಮಗೆ ಗೊತ್ತಿರಲಿ.

ಪ್ರಶ್ನೆ: ನನ್ನ ಮಗಳು ಕಳೆದ ವರ್ಷ ಎಂ.ಡಿ. (ಅಮೆರಿಕದಲ್ಲಿ ಇದೇ ಮೂಲ ವೈದ್ಯಕೀಯ ಪದವಿ) ಕಾಲೇಜುಗಳಿಗೆ ಅರ್ಜಿ ಹಾಕಿದ್ದಳು, ಸೀಟು ಸಿಗಲಿಲ್ಲ. ಈಗ ಪೊಡಿಯಾಟ್ರಿಗೆ ಅರ್ಜಿ ಹಾಕಿದ್ದಾಳೆ. ಸಂದರ್ಶನದಲ್ಲಿ ಹಿಂದಿನ ಪ್ರಯತ್ನದ ವಿಷಯ ಬಂದರೆ ಮುಚ್ಚಿಡುವುದು ಒಳ್ಳೆಯದೇ? ‘ಕಾಲಿನ ಡಾಕ್ಟರ್ ಆಗುವುದಕ್ಕೆ ಇಷ್ಟು ಓದಬೇಕೇ’ ಎಂದು ಸಂಬಂಧಿಕರು ಬೇರೆ ಆಡಿಕೊಳ್ಳುತ್ತಿದ್ದಾರೆ.
– ತಂದೆಯೊಬ್ಬರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಮುಚ್ಚಿಡಬಾರದು. ಪೊಡಿಯಾಟ್ರಿ ಕಾಲೇಜುಗಳೂ ಬಹುತೇಕ ಎಂ.ಡಿ. ಪ್ರವೇಶಕ್ಕೆ ಬರೆಯುವ ಅದೇ ಎಂಕ್ಯಾಟ್ ಪರೀಕ್ಷೆಯ ಅಂಕಗಳನ್ನು ನೋಡುತ್ತವೆ. ಅರ್ಜಿಯಲ್ಲಿರುವ ಪರೀಕ್ಷೆಯ ದಿನಾಂಕ, ಪದವಿ ಮುಗಿದ ವರ್ಷ, ನಡುವಿನ ಖಾಲಿ ಅವಧಿ ಇವುಗಳನ್ನು ನೋಡಿದವರಿಗೆ ನಡೆದದ್ದು ಊಹೆಗೆ ಸಿಗುತ್ತದೆ. ಕೇಳಿದಾಗ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿದರೆ, ಸೀಟು ಸಿಗದೆ ಹೋದದ್ದಕ್ಕಿಂತ ಆ ಹಿಂಜರಿಕೆಯೇ ದೊಡ್ಡ ಕೊರತೆಯಾಗಿ ಕಾಣುತ್ತದೆ. ‘ಹೌದು, ಅರ್ಜಿ ಹಾಕಿದ್ದೆ, ಸಿಗಲಿಲ್ಲ, ಆ ವರ್ಷ ಇಂಥ ಕ್ಲಿನಿಕ್‌ನಲ್ಲಿ ಕೆಲಸ ಮಾಡಿದೆ, ಅಲ್ಲಿ ಇಂಥದ್ದನ್ನು ಕಂಡು ನನ್ನ ದಾರಿ ಬದಲಿಸಿಕೊಂಡೆ’ ಎಂದು ನೇರವಾಗಿ ಹೇಳುವವರನ್ನು ಸಮಿತಿ ಗೌರವದಿಂದಲೇ ನೋಡುತ್ತದೆ. ಆದರೆ ಆ ‘ಇಂಥದ್ದು’ ಎಂಬ ಜಾಗದಲ್ಲಿ ನಿಜವಾದ ಸಂಗತಿ ಇರಬೇಕು. ಇಲ್ಲದಿದ್ದರೆ ಯಾವ ಜಾಣ ಮಾತೂ ಅದನ್ನು ತುಂಬಲಾರದು.

ಸಮಿತಿಗೆ ಇರುವ ಆತಂಕವೂ ತಮಗೆ ತಿಳಿದಿರಲಿ. ಒಂದು ವರ್ಷ ಇಲ್ಲಿ ಓದಿ, ಮತ್ತೆ ಎಂ.ಡಿ.ಗೆ ಅರ್ಜಿ ಹಾಕಿ ಹೊರಟುಹೋಗುವ ವಿದ್ಯಾರ್ಥಿ ಒಂದು ಸ್ಥಾನವನ್ನು ವ್ಯರ್ಥ ಮಾಡಿದಂತಾಗುತ್ತದೆ. ‘ಮುಂದಿನ ವರ್ಷ ಎಂ.ಡಿ. ಸೀಟು ಸಿಕ್ಕರೆ ಏನು ಮಾಡುತ್ತೀರಿ’ ಎಂಬ ಪ್ರಶ್ನೆ ಅದಕ್ಕಾಗಿಯೇ ಬರುತ್ತದೆ. ಅದಕ್ಕೆ ಉತ್ತರವನ್ನು ಸಂದರ್ಶನದ ಹಿಂದಿನ ರಾತ್ರಿ ಅಲ್ಲ, ಅರ್ಜಿ ಹಾಕುವ ಮೊದಲೇ ತಮ್ಮ ಮಗಳು ತನಗೆ ತಾನೇ ಕೊಟ್ಟುಕೊಂಡಿರಬೇಕು. ಉತ್ತರ ‘ಹೋಗುತ್ತೇನೆ’ ಎಂದಾದರೆ ಈ ಸಂದರ್ಶನಕ್ಕೆ ಹೋಗದಿರುವುದೇ ಪ್ರಾಮಾಣಿಕತೆ.

ಎರಡು ದಾರಿಗಳ ವ್ಯತ್ಯಾಸವನ್ನು ಆಕೆ ಯಾವುದನ್ನೂ ಹಳಿಯದೆ ವಿವರಿಸಬಲ್ಲವರಾಗಿರಬೇಕು. ಪೊಡಿಯಾಟ್ರಿಯ ಡಿ.ಪಿ.ಎಂ. ಪದವಿಗೆ ನಾಲ್ಕು ವರ್ಷ, ಅದರ ಮೇಲೆ ಆಸ್ಪತ್ರೆಯಲ್ಲಿ ಮೂರು ವರ್ಷಗಳ ರೆಸಿಡೆನ್ಸಿ, ಅಂದರೆ ಕೆಲಸ ಮಾಡುತ್ತಲೇ ಪಡೆಯುವ ತರಬೇತಿ. ಕೆಲವು ಕಾಲೇಜುಗಳಲ್ಲಿ ಮೊದಲೆರಡು ವರ್ಷಗಳ ಪಾಠಗಳಲ್ಲಿ ಬಹಳಷ್ಟನ್ನು ಇತರ ವೈದ್ಯಕೀಯ ವಿದ್ಯಾರ್ಥಿಗಳ ಜೊತೆಯಲ್ಲಿಯೇ ಕಲಿಯುತ್ತಾರೆ. ಎಂ.ಡಿ. ಓದುವವರು ಯಾವ ವಿಭಾಗಕ್ಕೆ ಹೋಗಬೇಕೆಂಬುದನ್ನು ಕೊನೆಯಲ್ಲಿ ನಿರ್ಧರಿಸಿದರೆ, ಇಲ್ಲಿ ಅದು ಮೊದಲ ದಿನವೇ ನಿರ್ಧಾರವಾಗಿರುತ್ತದೆ. ಇದು ಅನುಕೂಲವೂ ಹೌದು, ಮಿತಿಯೂ ಹೌದು. ಪೊಡಿಯಾಟ್ರಿಸ್ಟ್ ಶಸ್ತ್ರಚಿಕಿತ್ಸೆ ಮಾಡುತ್ತಾರೆ, ಔಷಧಿ ಬರೆಯುತ್ತಾರೆ, ಆದರೆ ಕೆಲಸದ ವ್ಯಾಪ್ತಿಯನ್ನು ಆಯಾ ರಾಜ್ಯದ ಕಾನೂನು ಗೊತ್ತುಮಾಡುತ್ತದೆ. ಕಣಕಾಲಿನ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ರಾಜ್ಯ ರಾಜ್ಯಕ್ಕೂ ವ್ಯತ್ಯಾಸವಿದೆ. ತಾನು ನೆಲೆಸಲಿರುವ ರಾಜ್ಯದ ನಿಯಮವನ್ನು ಓದಿಕೊಂಡು ಹೋದ ಅಭ್ಯರ್ಥಿ ಈ ವೃತ್ತಿಯನ್ನು ಕಣ್ಣು ತೆರೆದು ಆರಿಸಿಕೊಂಡಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಸಂಬಂಧಿಕರ ವಿಷಯ: ಪಾದದಲ್ಲಿ 26 ಮೂಳೆಗಳಿವೆ, ಇಡೀ ದೇಹದ ಭಾರ ಅವುಗಳ ಮೇಲಿದೆ ಎಂದು ಅವರಿಗೆ ವಿವರಿಸುವ ಶ್ರಮ ತಮಗೆ ಬೇಡ. ಅವರಲ್ಲಿ ಅರ್ಧದಷ್ಟು ಜನ ಇನ್ನು ಕೆಲವು ವರ್ಷಗಳಲ್ಲಿ ಹಿಮ್ಮಡಿ ನೋವೆಂದು ತಮ್ಮ ಮಗಳಿಗೇ ಫೋನ್ ಮಾಡುತ್ತಾರೆ.

ಪ್ರಶ್ನೆ: ಒಂದು ಕಾಲೇಜಿನಲ್ಲಿ ಎಂ.ಎಂ.ಐ. ಮಾದರಿಯ ಸಂದರ್ಶನವಂತೆ. ಹಾಗೆಂದರೇನು? ಅಲ್ಲಿ ನೈತಿಕ ಪ್ರಶ್ನೆಗಳಿಗೆ ‘ಸರಿಯಾದ ಉತ್ತರ’ವನ್ನು ಹೇಗೆ ಕಂಡುಕೊಳ್ಳುವುದು?
– ಓದುಗರೊಬ್ಬರು, ಡಲ್ಲಾಸ್, ಟೆಕ್ಸಾಸ್

ಉತ್ತರ: ಒಂದೇ ಸಮಿತಿಯ ಮುಂದೆ ಅರ್ಧ ಗಂಟೆ ಕುಳಿತುಕೊಳ್ಳುವ ಬದಲು, ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುತ್ತಾ ಪ್ರತಿಯೊಂದರಲ್ಲೂ ಬೇರೆ ಸಂದರ್ಶಕರ ಮುಂದೆ ಕೆಲವೇ ನಿಮಿಷಗಳಲ್ಲಿ ಒಂದು ಸನ್ನಿವೇಶಕ್ಕೆ ಉತ್ತರಿಸುವ ಕ್ರಮವಿದು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಈ ಶತಮಾನದ ಆರಂಭದಲ್ಲಿ ರೂಪುಗೊಂಡಿತು. ಒಬ್ಬ ಸಂದರ್ಶಕರ ಮೆಚ್ಚುಗೆ ಅಥವಾ ಅಸಮಾಧಾನ ಇಡೀ ಫಲಿತಾಂಶವನ್ನು ತೂಗಬಾರದೆಂಬುದು ಇದರ ಉದ್ದೇಶ. ಆದ್ದರಿಂದ ಒಂದು ಕೋಣೆಯಲ್ಲಿ ತಡವರಿಸಿದರೆ ಅದನ್ನು ಬಾಗಿಲಲ್ಲೇ ಬಿಟ್ಟು ಮುಂದಿನ ಕೋಣೆಗೆ ಹೊಸಬರಂತೆ ಹೋಗಿ. ಎಲ್ಲ ಪೊಡಿಯಾಟ್ರಿ ಕಾಲೇಜುಗಳೂ ಈ ಕ್ರಮವನ್ನು ಅನುಸರಿಸುವುದಿಲ್ಲ. ಕರೆಪತ್ರದಲ್ಲಿ ಸ್ಪಷ್ಟವಾಗಿಲ್ಲದಿದ್ದರೆ ಪ್ರವೇಶ ಕಚೇರಿಗೆ ಬರೆದು ಕೇಳುವುದರಲ್ಲಿ ತಪ್ಪಿಲ್ಲ.

ನೀವು ‘ಸರಿಯಾದ ಉತ್ತರ’ ಎಂದಿರಿ. ಅಲ್ಲಿ ನೋಡುವುದು ಉತ್ತರವನ್ನಲ್ಲ, ಅದಕ್ಕೆ ತಲುಪುವ ನಡೆಯನ್ನು. ಒಂದು ಸನ್ನಿವೇಶವನ್ನು ನಾನೇ ಕಲ್ಪಿಸಿಕೊಡುತ್ತೇನೆ. ಅರವತ್ತೈದು ದಾಟಿದ ಮಹಿಳೆ, ಮಧುಮೇಹದಿಂದ ಎರಡೂ ಪಾದಗಳ ಸ್ಪರ್ಶಜ್ಞಾನ ಹೋಗಿದೆ, ಅಂಗಾಲಿನ ಹುಣ್ಣು ಈಗತಾನೇ ಮಾಗಿದೆ. ಪ್ರತಿ ಶನಿವಾರ ದೇವಸ್ಥಾನಕ್ಕೆ ಹೋಗಿ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕುತ್ತಾರೆ, ಮನೆಯಲ್ಲೂ ಚಪ್ಪಲಿ ಹಾಕುವುದಿಲ್ಲ. ‘ಇದನ್ನು ಮಾತ್ರ ನಿಲ್ಲಿಸು ಎನ್ನಬೇಡಿ’ ಎನ್ನುತ್ತಾರೆ. ನೀವೇನು ಮಾಡುತ್ತೀರಿ?

ಹೆಚ್ಚಿನವರು ಇಲ್ಲಿ ಎರಡು ತುದಿಗಳಲ್ಲಿ ಒಂದಕ್ಕೆ ಓಡುತ್ತಾರೆ. ‘ಅಪಾಯವನ್ನು ವಿವರಿಸಿ ಬರಿಗಾಲಲ್ಲಿ ನಡೆಯಕೂಡದೆಂದು ಕಟ್ಟುನಿಟ್ಟಾಗಿ ಹೇಳುತ್ತೇನೆ’ ಎನ್ನುವುದು ಒಂದು. ‘ರೋಗಿಯ ನಂಬಿಕೆಯನ್ನು ಗೌರವಿಸಿ ಅವರ ನಿರ್ಧಾರಕ್ಕೇ ಬಿಡುತ್ತೇನೆ’ ಎನ್ನುವುದು ಇನ್ನೊಂದು. ಮೊದಲನೆಯದನ್ನು ಕೇಳಿದ ರೋಗಿ ಮುಂದಿನ ಸಲ ಬರುವುದಿಲ್ಲ. ಎರಡನೆಯದರಲ್ಲಿ ವೈದ್ಯರೇ ಕೈತೊಳೆದುಕೊಂಡಂತಾಯಿತು. ಮೊದಲು ಕೇಳಬೇಕಾದದ್ದನ್ನು ಕೇಳಿ: ನೆಲ ಕಲ್ಲೋ, ಹಾಸುಗಂಬಳಿಯೋ? ಹೋಗುವುದು ಬಿಸಿಲು ಏರಿದ ಮೇಲೆಯೋ, ಮುಂಜಾನೆಯೋ? ಜೊತೆಗೆ ಯಾರು ಬರುತ್ತಾರೆ? ಮನೆಯಲ್ಲಿ ಬೇಡವೆನ್ನುವುದು ಹೊರಗಿನ ಕೊಳೆ ತುಳಿದ ಚಪ್ಪಲಿಯನ್ನೋ, ಎಲ್ಲ ಬಗೆಯ ಪಾದರಕ್ಷೆಯನ್ನೋ? ಹೀಗೆ ಕೇಳಿದಾಗ ದಾರಿಗಳು ತಾವಾಗಿಯೇ ತೆರೆದುಕೊಳ್ಳುತ್ತವೆ. ಮನೆಯೊಳಗಷ್ಟೇ ಬಳಸುವ, ಹೊರಗಿನ ನೆಲವನ್ನೇ ಕಾಣದ ಒಂದು ಜೊತೆ ಮೆತ್ತನೆಯ ಪಾದರಕ್ಷೆ, ದೇವಸ್ಥಾನಕ್ಕೆಂದೇ ಬೇರೆಯಾಗಿಟ್ಟ ದಪ್ಪ ಕಾಲುಚೀಲ, ಕಲ್ಲು ಕಾಯುವ ಮುನ್ನ ಹೋಗಿಬರುವುದು, ಬಂದ ಕೂಡಲೇ ಸೊಸೆಯೋ ಮಗನೋ ಅಂಗಾಲನ್ನು ನೋಡುವುದು. ಇವುಗಳಲ್ಲಿ ಯಾವುದನ್ನು ಆಕೆ ಒಪ್ಪುತ್ತಾರೋ ಅದರಿಂದ ಆರಂಭಿಸಿ ಮುಂದಿನ ಭೇಟಿಯನ್ನು ಬೇಗನೆ ಗೊತ್ತುಮಾಡುತ್ತೇನೆ ಎಂದರೆ ಸಾಕು. ಇದು ಅಂತಿಮ ಪರಿಹಾರವೇನಲ್ಲ, ಅಪಾಯ ಉಳಿದೇ ಇರುತ್ತದೆ. ಅದನ್ನೂ ಬಾಯಿಬಿಟ್ಟು ಒಪ್ಪಿಕೊಳ್ಳಿ. ಸಂದರ್ಶಕರು ‘ಆಕೆ ಯಾವುದಕ್ಕೂ ಒಪ್ಪದಿದ್ದರೆ?’ ಎಂದು ಇನ್ನೊಂದು ಹೆಜ್ಜೆ ಮುಂದೊತ್ತುತ್ತಾರೆ. ಆಗ ನಿಲುವನ್ನು ಗಾಬರಿಯಿಂದ ತಲೆಕೆಳಗು ಮಾಡದೆ, ಒಪ್ಪದಿದ್ದರೂ ಆರೈಕೆ ಮುಂದುವರಿಯುತ್ತದೆ ಎಂಬುದನ್ನು ಸಮಾಧಾನದಿಂದ ಹೇಳಿರಿ.

ಕಾಯ್ದೆಯ ಗೆರೆ ಇರುವ ಪ್ರಶ್ನೆಗಳಲ್ಲಿ ಇಷ್ಟೊಂದು ವಿವೇಚನೆ ಬೇಕಿಲ್ಲ. ಸಹಪಾಠಿ ಪರೀಕ್ಷೆಯಲ್ಲಿ ನಕಲು ಮಾಡಿದ್ದು, ಹಿರಿಯ ವೈದ್ಯರು ಮದ್ಯ ಸೇವಿಸಿ ಶಸ್ತ್ರಚಿಕಿತ್ಸೆಗೆ ಬಂದದ್ದು ಇಂಥವುಗಳಲ್ಲಿ ರೋಗಿಯ ಸುರಕ್ಷತೆ ಮೊದಲು, ಉಳಿದದ್ದೆಲ್ಲ ಆಮೇಲೆ.

ಪ್ರಶ್ನೆ: ನಾನು ಮೈಸೂರಿನಲ್ಲಿ ಫಿಸಿಯೋಥೆರಪಿ ಪದವಿ ಮುಗಿಸಿದ್ದೇನೆ. ಅಮೆರಿಕಕ್ಕಿಂತ ಬ್ರಿಟನ್ನಿನ ಪೊಡಿಯಾಟ್ರಿ ಕೋರ್ಸ್ ನನಗೆ ಹತ್ತಿರವೆನಿಸುತ್ತಿದೆ. ಅಲ್ಲಿಯ ಸಂದರ್ಶನ ಬೇರೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಸಂದರ್ಶನ ಬೇರೆ, ವೃತ್ತಿಯ ಸ್ವರೂಪವೂ ಬೇರೆ. ಬ್ರಿಟನ್ನಿನಲ್ಲಿ ಪೊಡಿಯಾಟ್ರಿ ಎಂಬುದು ಡಾಕ್ಟರ್ ಪದವಿಯಲ್ಲ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಮೂರು ವರ್ಷಗಳ, ಸ್ಕಾಟ್ಲೆಂಡಿನಲ್ಲಿ ನಾಲ್ಕು ವರ್ಷಗಳ ಬಿ.ಎಸ್ಸಿ. ಈಗಾಗಲೇ ಪದವಿ ಇರುವವರಿಗೆ ಕೆಲವೆಡೆ ಎರಡು ವರ್ಷಗಳ ಎಂ.ಎಸ್ಸಿ. ದಾರಿಯೂ ಇದೆ, ನಿಮಗೆ ಅದು ಹೊಂದಬಹುದು. ಮುಗಿಸಿದ ಮೇಲೆ ಎಚ್.ಸಿ.ಪಿ.ಸಿ. ಎಂಬ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳದೆ ಪೊಡಿಯಾಟ್ರಿಸ್ಟ್ ಎಂದು ಹೇಳಿಕೊಳ್ಳುವಂತಿಲ್ಲ. ಶಸ್ತ್ರಚಿಕಿತ್ಸೆ ಮಾಡುವ ಪೊಡಿಯಾಟ್ರಿಸ್ಟ್ ಆಗಲು ಅಲ್ಲಿ ಪ್ರತ್ಯೇಕವಾದ ದೀರ್ಘ ತರಬೇತಿ ಬೇಕು. ಸಂದರ್ಶನದಲ್ಲಿ ‘ಸರ್ಜನ್ ಆಗಬೇಕು’ ಎಂಬ ಅಮೆರಿಕದ ಕನಸನ್ನು ಹೇಳಿದರೆ, ನೀವು ಅವರ ಕೋರ್ಸಿನ ವಿವರವನ್ನು ಓದಿಲ್ಲವೆಂದೇ ಅರ್ಥವಾಗುತ್ತದೆ.

ಅಲ್ಲಿಯ ಸಂದರ್ಶನ ಮೌಲ್ಯಗಳ ಸುತ್ತ ನಡೆಯುತ್ತದೆ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ‘ಎನ್.ಎಚ್.ಎಸ್. ಸಂವಿಧಾನ’ ಎಂಬ ದಾಖಲೆಯಲ್ಲಿ ಹೇಳಿರುವ ಗೌರವ, ಕರುಣೆ, ಗುಣಮಟ್ಟದ ಬದ್ಧತೆ ಮುಂತಾದವನ್ನು ಪಟ್ಟಿ ಒಪ್ಪಿಸುವಂತೆ ಹೇಳದೆ, ನಿಮ್ಮ ಇಂಟರ್ನ್‌ಶಿಪ್‌ನ ಒಂದೊಂದು ಘಟನೆಯ ಮೂಲಕ ತೋರಿಸಬೇಕು. ಫಿಸಿಯೋಥೆರಪಿ ಬಿಟ್ಟು ಇಲ್ಲಿಗೆ ಏಕೆ ಎಂಬುದು ನಿಮಗೆ ಬರುವ ಮುಖ್ಯ ಪ್ರಶ್ನೆ. ನಡಿಗೆಯ ವಿಶ್ಲೇಷಣೆ, ಸ್ನಾಯುಗಳ ಬಲ ಇವು ನಿಮಗೆ ಈಗಾಗಲೇ ಗೊತ್ತು. ಚರ್ಮ, ಉಗುರು, ಗಾಯ, ಅರಿವಳಿಕೆ ಚುಚ್ಚುಮದ್ದು ಕೊಟ್ಟು ಮಾಡುವ ಉಗುರಿನ ಶಸ್ತ್ರಚಿಕಿತ್ಸೆ ಇವು ಹೊಸವು. ಈ ಹೊಸದರಲ್ಲಿ ಆಸಕ್ತಿ ಹುಟ್ಟಿದ್ದು ಹೇಗೆ ಎಂಬುದನ್ನು ಹೇಳಬೇಕಾದರೆ ಎಲ್ಲಾದರೂ ನೋಡಿರಬೇಕು. ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಸಂಸ್ಥೆಯಲ್ಲಿ ಪೊಡಿಯಾಟ್ರಿ ವಿಭಾಗವಿದೆ. ವೀಕ್ಷಕರಾಗಿ ಬರಲು ಅವಕಾಶವಿದೆಯೇ ಎಂದು ಬರೆದು ಕೇಳಿ. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ, ಮಧುಮೇಹಿಯ ಪಾದದಲ್ಲಿ ಹೊಸ ಹುಣ್ಣು ಕಂಡರೆ ಒಂದು ಕೆಲಸದ ದಿನದೊಳಗೆ ಪಾದರಕ್ಷಣಾ ತಂಡಕ್ಕೆ ಕಳಿಸಬೇಕು. ನಮ್ಮಲ್ಲಿ ಅದೇ ಹುಣ್ಣು ಅರಿಶಿನ ಹಚ್ಚಿಸಿಕೊಂಡು ಎಷ್ಟು ದಿನ ಮನೆಯಲ್ಲೇ ಉಳಿಯುತ್ತದೆ ಎಂಬುದನ್ನು ಕಂಡಿರುವ ನಿಮಗೆ ಆ ಒಂದು ದಿನದ ಬೆಲೆ ಗೊತ್ತಿದೆ. ಇದನ್ನು ನಿಮ್ಮದೇ ಮಾತಿನಲ್ಲಿ ಹೇಳಿ.

ಇಂಗ್ಲೆಂಡಿನ ವಿದ್ಯಾರ್ಥಿಗಳಿಗೆ ಸರ್ಕಾರ ಕೊಡುವ ಸಹಾಯಧನವನ್ನು ನೋಡಿ ಲೆಕ್ಕ ಹಾಕಬೇಡಿ, ಅದು ವಿದೇಶೀ ವಿದ್ಯಾರ್ಥಿಗಳಿಗೆ ಅನ್ವಯಿಸುವುದಿಲ್ಲ. ಹಣದ ವ್ಯವಸ್ಥೆಯ ಬಗ್ಗೆ ಕೇಳಿದರೆ ಸ್ಪಷ್ಟವಾದ ಉತ್ತರ ಇಟ್ಟುಕೊಂಡಿರಿ.

ಪ್ರಶ್ನೆ: ಸಂದರ್ಶನ ವಿಡಿಯೋ ಮೂಲಕ ನಡೆಯಲಿದೆ. ಉಡುಪು, ಮಾತಿನ ರೀತಿ ಇವುಗಳ ಬಗ್ಗೆ ಸಲಹೆ ಕೊಡಿ.
– ಓದುಗರೊಬ್ಬರು, ಷಿಕಾಗೊ

ಉತ್ತರ: ಖುದ್ದಾಗಿ ಹೋದರೆ ಏನು ತೊಡುತ್ತೀರೋ ಅದನ್ನೇ ತೊಡಿ. ಬೆಳಕು ಮುಖದ ಮೇಲೆ ಬೀಳಲಿ. ಪರದೆಯ ಪಕ್ಕದಲ್ಲಿ ಚೀಟಿ ಅಂಟಿಸಿಕೊಂಡು ಓದಿದರೆ ಕಣ್ಣು ಅದನ್ನು ಹೇಳಿಬಿಡುತ್ತದೆ. ನಮ್ಮ ಮಕ್ಕಳಲ್ಲಿ ನಾನು ಕಂಡ ಒಂದು ಅಭ್ಯಾಸವೆಂದರೆ, ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ ಆರಂಭಿಸುವುದು. ಎರಡು ಕ್ಷಣ ಸುಮ್ಮನಿದ್ದು ಮಾತು ಆರಂಭಿಸಿದರೆ ಯಾರೂ ಅಂಕ ಕಳೆಯುವುದಿಲ್ಲ.

ಪ್ರಶ್ನೆ: ಕೊನೆಯಲ್ಲಿ ‘ನಮ್ಮನ್ನು ಏನಾದರೂ ಕೇಳುವುದಿದೆಯೇ’ ಎನ್ನುತ್ತಾರಂತೆ. ಏನು ಕೇಳಬೇಕು?
– ಓದುಗರೊಬ್ಬರು, ಫೀನಿಕ್ಸ್, ಅರಿಜೋನಾ

ಉತ್ತರ: ಈ ಅವಕಾಶವನ್ನು ಶಿಷ್ಟಾಚಾರವೆಂದು ಕಳೆದುಕೊಳ್ಳುವವರೇ ಹೆಚ್ಚು. ನಾಲ್ಕು ವರ್ಷ ಮತ್ತು ದೊಡ್ಡ ಮೊತ್ತದ ಸಾಲವನ್ನು ಒಂದು ಕಾಲೇಜಿಗೆ ಒಪ್ಪಿಸುವವರು ನೀವು. ಅಮೆರಿಕದಲ್ಲಿ ಈಗ ಹನ್ನೊಂದು ಪೊಡಿಯಾಟ್ರಿ ಕಾಲೇಜುಗಳಿದ್ದು, 1911ರಲ್ಲಿ ಸ್ಥಾಪನೆಯಾದ ನ್ಯೂಯಾರ್ಕಿನ ಕಾಲೇಜಿನಿಂದ ಹಿಡಿದು ಈಚಿನ ವರ್ಷಗಳಲ್ಲಿ ಆರಂಭವಾದ ಟೆಕ್ಸಾಸಿನ ರಿಯೋ ಗ್ರಾಂಡೆ ಕಣಿವೆಯ ಕಾಲೇಜಿನವರೆಗೆ ಒಂದೊಂದರ ಸ್ವರೂಪ ಒಂದೊಂದು ಬಗೆ. ಎಷ್ಟು ಮಂದಿ ನಾಲ್ಕು ವರ್ಷಗಳಲ್ಲಿ ಪದವಿ ಮುಗಿಸುತ್ತಾರೆ, ವೃತ್ತಿ ಪರವಾನಗಿಗೆ ಬೇಕಾದ ಬೋರ್ಡ್ ಪರೀಕ್ಷೆಯ ಮೊದಲ ಭಾಗದಲ್ಲಿ ಎಷ್ಟು ಮಂದಿ ಉತ್ತೀರ್ಣರಾಗುತ್ತಾರೆ, ರೆಸಿಡೆನ್ಸಿ ಎಷ್ಟು ಮಂದಿಗೆ ಸಿಗುತ್ತದೆ ಎಂಬ ವಿವರಗಳನ್ನು ಕಾಲೇಜುಗಳು ಪ್ರಕಟಿಸುತ್ತವೆ. ಅವುಗಳನ್ನು ಮೊದಲೇ ಓದಿಕೊಂಡು ಹೋಗಿ. ಅಲ್ಲಿ ಕೇಳಬೇಕಾದದ್ದು ಅಂಕಿಯನ್ನಲ್ಲ, ಅಂಕಿಯ ಹಿಂದಿನದನ್ನು. ಮೊದಲ ವರ್ಷದಲ್ಲಿ ಹಿಂದೆ ಬಿದ್ದ ವಿದ್ಯಾರ್ಥಿಗೆ ಏನು ಸಹಾಯ ಮಾಡುತ್ತೀರಿ, ಮೂರನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಯಾವ ಆಸ್ಪತ್ರೆಗಳಿಗೆ ಹೋಗುತ್ತಾರೆ, ಅಲ್ಲಿ ಅವರ ಕೈಗೆ ಎಷ್ಟು ಕೆಲಸ ಸಿಗುತ್ತದೆ ಎಂದು ಕೇಳಿ.

ರೆಸಿಡೆನ್ಸಿಯ ಬಗ್ಗೆ ಕೇಳಲು ಹಿಂಜರಿಯಬೇಡಿ. ಕಳೆದ ದಶಕದ ಆರಂಭದಲ್ಲಿ ಪದವಿ ಪಡೆದವರಿಗಿಂತ ರೆಸಿಡೆನ್ಸಿ ಸ್ಥಾನಗಳು ಕಡಿಮೆಯಾಗಿ, ಓದು ಮುಗಿಸಿಯೂ ಕೆಲವರು ಕಾಯಬೇಕಾದ ಕಾಲವಿತ್ತು. ಆ ಕೊರತೆ ಈಗ ನೀಗಿದೆ, ಆದರೆ ಅದನ್ನು ಕಂಡ ಅಧ್ಯಾಪಕರು ಈ ಪ್ರಶ್ನೆಯನ್ನು ಉದ್ಧಟತನವೆಂದು ತಿಳಿಯುವುದಿಲ್ಲ. ಅವಕಾಶವಿದ್ದರೆ ಈಗಿನ ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬರ ಜೊತೆ, ಅಧ್ಯಾಪಕರು ಇಲ್ಲದಿರುವಾಗ, ಹತ್ತು ನಿಮಿಷ ಮಾತಾಡಿಸಿ ಎಂದು ಕೇಳಿಕೊಳ್ಳಿ. ಪೊಡಿಯಾಟ್ರಿ ಕಾಲೇಜುಗಳಿಗೆ ಅರ್ಜಿ ಸಲ್ಲಿಸುವ ಕೇಂದ್ರೀಯ ಸೇವೆ ಆಗಸ್ಟ್ ತಿಂಗಳಲ್ಲಿ ತೆರೆದುಕೊಳ್ಳುತ್ತದೆ, ಸ್ಥಾನಗಳು ಸಂದರ್ಶನ ನಡೆದಂತೆಲ್ಲ ತುಂಬುತ್ತಾ ಹೋಗುತ್ತವೆ; ಹಾಗಾಗಿ ತೀರ್ಮಾನ ಯಾವಾಗ ತಿಳಿಸುತ್ತೀರಿ, ಮುಂಗಡ ಹಣ ಕಟ್ಟಲು ಎಷ್ಟು ದಿನ ಕೊಡುತ್ತೀರಿ ಎಂಬುದನ್ನು ಅಲ್ಲಿಂದ ಏಳುವ ಮುನ್ನ ಕೇಳಿ ಬರೆದುಕೊಳ್ಳಿ.